ಅಯ್ಯೋ, ಅಬ್ಬಾ, ಹೂಂ: ಉದ್ಗಾರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೆಕಾರ್ಡ್ ಮಾಡಿದ ಮಾತನ್ನು ಕೇಳಿಸಿಕೊಂಡು ಬರಹಕ್ಕೆ ಇಳಿಸುವುದು ನನ್ನ ಕೆಲಸ. ಸಂದರ್ಶನ, ಭಾಷಣ, ಹರಟೆ, ಯಾವುದಾದರೂ ಸರಿ. ಜೊತೆಗೆ ಆಗಾಗ ಕತೆಗಳ ಕರಡು ತಿದ್ದುವುದೂ ಉಂಟು. ಎರಡೂ ಕಡೆ ನನ್ನನ್ನು ಸತಾಯಿಸುವುದು ದೊಡ್ಡ ದೊಡ್ಡ ಪದಗಳಲ್ಲ. ಅವಕ್ಕೆ ನಿಘಂಟು ಇದೆ. ಸತಾಯಿಸುವುದು 'ಹೂಂ', 'ಛೇ', 'ಅಯ್ಯೋ' ಥರದ ಪುಡಿ ಪದಗಳು. ಅವುಗಳ ಬಗ್ಗೆ ಗೆಳೆಯರು, ಬರೆಯುವವರು, ಪರೀಕ್ಷೆಗೆ ಓದುವ ಮಕ್ಕಳು ಕೇಳುತ್ತಲೇ ಇರುತ್ತಾರೆ. ಹಾಗೆ ಕೇಳಿದ್ದನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ.

ಉದ್ಗಾರ ಅಂದರೆ ಯಾವುದು? ವ್ಯಾಕರಣದಲ್ಲಿ ಅದಕ್ಕೆ ಏನು ಹೆಸರು?

ಶಾಲೆಯ ವ್ಯಾಕರಣದಲ್ಲಿ ಇದು ಭಾವಸೂಚಕಾವ್ಯಯ. ನಿಪಾತಾವ್ಯಯ ಅಂತಲೂ ಕರೆಯುತ್ತಾರೆ. ಅವ್ಯಯ ಅಂದರೆ ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ರೂಪ ಬದಲಿಸದ ಪದ. ಒಬ್ಬನೇ ಅಂದರೂ 'ಅಯ್ಯೋ', ಹತ್ತು ಜನ ಅಂದರೂ 'ಅಯ್ಯೋ'. 'ಅಬ್ಬಾನಿಂದ', 'ಛೇಗೆ' ಅಂತ ಯಾರೂ ಮಾತಿನ ನಡುವೆ ಪ್ರತ್ಯಯ ಹಚ್ಚುವುದಿಲ್ಲ. (ನಾನು ಮುಂದೆ ಇದೇ ಬರಹದಲ್ಲಿ ಹಚ್ಚುತ್ತೇನೆ. ಅಲ್ಲಿ ಆ ಪದದ ಬಗ್ಗೆ ಮಾತಾಡುತ್ತಿರುತ್ತೇನೆ ಅಷ್ಟೆ.)

ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಉದ್ಗಾರ ಒಂಟಿಯಾಗಿ ನಿಲ್ಲಬಲ್ಲದು. 'ಮರದ' ಅಂತ ಹೇಳಿ ಸುಮ್ಮನಾದರೆ ಎದುರಿನವರು ಕಾಯುತ್ತಾರೆ, ಮರದ ಏನು ಅಂತ. 'ಥೂ' ಅಂತ ಹೇಳಿ ಸುಮ್ಮನಾದರೆ ಯಾರೂ ಕಾಯುವುದಿಲ್ಲ. ಹೇಳುವುದೆಲ್ಲ ಹೇಳಿ ಆಗಿರುತ್ತದೆ.

ಲ್ಯಾಟಿನ್‌ನಲ್ಲಿ ಇದಕ್ಕಿದ್ದ ಹೆಸರಿನ ಅರ್ಥ 'ನಡುವೆ ಎಸೆದದ್ದು'. ಇದಕ್ಕೆ ಪ್ರತ್ಯೇಕ ಪದಜಾತಿಯ ಪಟ್ಟ ಸಿಕ್ಕಿದ್ದರ ಹಿಂದೆ ಒಂದು ಮೋಜಿನ ಕತೆ ಇದೆ. ಗ್ರೀಕ್ ವೈಯಾಕರಣರು ಪದಗಳನ್ನು ಎಂಟು ಜಾತಿ ಮಾಡಿದ್ದರು. ಅದರಲ್ಲಿ ಉದ್ಗಾರ ಇರಲಿಲ್ಲ. ರೋಮನ್ನರು ಅದೇ ಅಚ್ಚನ್ನು ಲ್ಯಾಟಿನ್‌ಗೆ ಹಾಕಲು ಹೋದರು. ಗ್ರೀಕ್‌ನಲ್ಲಿ ನಾಮಪದಕ್ಕೆ ಮೊದಲು ಬರುವ 'ಆರ್ಟಿಕಲ್' (ಇಂಗ್ಲಿಷಿನ 'ದಿ' ಥರದ್ದು) ಲ್ಯಾಟಿನ್‌ನಲ್ಲಿ ಇಲ್ಲ. ಒಂದು ಮನೆ ಖಾಲಿ ಉಳಿಯಿತು. ಆ ಹೊತ್ತಿಗೆ ಉದ್ಗಾರವನ್ನು ಬೇರೆ ಜಾತಿಯಾಗಿ ಎಣಿಸಿದರು, ಲೆಕ್ಕ ಮತ್ತೆ ಎಂಟಕ್ಕೆ ಬಂತು. ಇದು ಕ್ರಿಸ್ತಶಕ 1ನೇ ಶತಮಾನದ ಮಾತು.

ಬಾಯಿಂದ ಬರುವ ಸದ್ದೆಲ್ಲ ಉದ್ಗಾರವೇ? ಸೀನು, ಕೆಮ್ಮು, ಕಿರುಚಾಟ?

ಅಲ್ಲ. ಸೀನಲು ಯಾರೂ ಕಲಿಸಬೇಕಿಲ್ಲ. ಉದ್ಗಾರ ಕಲಿತು ಬರುವಂಥದ್ದು. ನೋವಾದಾಗ ನಾವು 'ಅಮ್ಮಾ' ಅನ್ನುತ್ತೇವೆ, ಇಂಗ್ಲಿಷಿನವರು 'ಔಚ್' ಅನ್ನುತ್ತಾರೆ, ಫ್ರೆಂಚರು 'ಆಯ್' ಅನ್ನುತ್ತಾರೆ. ಜಪಾನಿಯರು ಅನ್ನುವ 'ಇತಾಯ್' ಅವರ ಭಾಷೆಯಲ್ಲಿ 'ನೋಯುತ್ತಿದೆ' ಅನ್ನುವ ಅರ್ಥದ ಮಾಮೂಲಿ ಪದ. ಚರ್ಮಕ್ಕಾದ ನೋವು ಎಲ್ಲರಿಗೂ ಒಂದೇ, ಬಾಯಿಗೆ ಬರುವ ಪದ ಮಾತ್ರ ಅವರವರ ಭಾಷೆಯದು.

ಭಾವನೆ ಉಕ್ಕಿದಾಗ ತಾನಾಗಿ ಹೊರಬೀಳುವ ಪದ ಅಂತ ಪುಸ್ತಕದಲ್ಲಿ ಓದಿದ್ದೆ. ಸರಿ ತಾನೇ?

ಅರ್ಧ ಸರಿ. ನನ್ನನ್ನು ಕೇಳಿದರೆ, ಉದ್ಗಾರಕ್ಕೆ ಭಾವನೆಗಿಂತ ಕೆಲಸ ಜಾಸ್ತಿ. ಪಕ್ಕದಲ್ಲಿ ಕೂತವರು ಫೋನಿನಲ್ಲಿ ಮಾತಾಡುವಾಗ ನಿಮಗೆ ಕೇಳುವುದು ಇಷ್ಟೇ:

'ಹಲೋ… ಹಾಂ, ಹೇಳು… ಹೂಂ… ಹೂಂ… ಹಾಂ?… ಅಯ್ಯೋ!… ಛೇ… ಹೂಂ… ಅಬ್ಬಾ, ಸದ್ಯ… ಹೂಂ, ಸರಿ.'

ಒಂದು ನಾಮಪದ ಇಲ್ಲ. ಇರುವ ಕ್ರಿಯಾಪದ ಒಂದೇ, 'ಹೇಳು'. ಆದರೂ ಕತೆ ಗೊತ್ತಾಯಿತಲ್ವಾ? ಆ ಕಡೆಯವರು ಏನೋ ಹೇಳಲು ಶುರುಮಾಡಿದರು. ಒಂದು ಮಾತು ಸರಿಯಾಗಿ ಕೇಳಿಸಲಿಲ್ಲ, ಇಲ್ಲಾ ನಂಬಲಾಗಲಿಲ್ಲ. ಕೆಟ್ಟದ್ದೇ ಆಗಿತ್ತು. ಮರುಗಿದ್ದಾಯಿತು. ಕೊನೆಗೆ ದೊಡ್ಡ ಅನಾಹುತವೇನೂ ಆಗಿಲ್ಲ ಅಂತ ತಿಳಿಯಿತು. ಇಲ್ಲಿರುವ ಒಂದೊಂದು ಪದವೂ ಆ ಕಡೆಯವರಿಗೆ ಏನೋ ಒಂದನ್ನು ಹೇಳುತ್ತಿದೆ: ಮುಂದುವರಿಸು, ಮತ್ತೆ ಹೇಳು, ನಿನ್ನ ಜೊತೆ ಇದ್ದೇನೆ, ಇನ್ನು ಸಾಕು. ಬರೀ ಭಾವನೆ ಉಕ್ಕಿದ್ದೇ ಆಗಿದ್ದರೆ ಇಷ್ಟು ಸರಿಯಾದ ಜಾಗದಲ್ಲಿ ಉಕ್ಕುತ್ತಿರಲಿಲ್ಲ.

ಹಾಗಂತ ತಾನಾಗಿ ಬರುವ ಭಾಗ ಸುಳ್ಳಲ್ಲ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಆತನಿಗೆ ಮಾತು ಹೋಗಿ ಎಷ್ಟೋ ವರ್ಷವಾಗಿತ್ತು. ಏನು ಕೇಳಿದರೂ 'ತಾನ್, ತಾನ್' ಅಷ್ಟೇ. ಆದರೆ ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ನೆಟ್ಟಗೆ ಹೊರಬರುತ್ತಿತ್ತು. ಮಾತು ಕೆಟ್ಟ ಮೇಲೂ ಈ ಥರದ್ದು ಉಳಿಯುವುದನ್ನು ಆಮೇಲೂ ವೈದ್ಯರು ಬಹಳ ಸಲ ನೋಡಿದ್ದಾರೆ.

ಒಂದೇ 'ಅಯ್ಯೋ'ಗೆ ಎಷ್ಟು ಅರ್ಥ?

ಲೆಕ್ಕ ಇಡಲು ಹೋಗಿ ಸೋತಿದ್ದೇನೆ. ಸುಮ್ನೆ ಒಂದಷ್ಟು ನೋಡಿ.

'ಅಯ್ಯೋ, ಕೈ ಸುಟ್ಟಿತು': ನೋವು. 'ಅಯ್ಯೋ ಪಾಪ': ಮರುಕ. 'ಅಯ್ಯೋ, ಬೀಗ ಹಾಕೋದೇ ಮರೆತೆ': ತನ್ನ ಮೇಲೇ ಬೇಸರ. 'ಅಯ್ಯೋ, ನೀವಾ! ಬನ್ನಿ ಬನ್ನಿ': ಖುಷಿ, ಅದರ ಜೊತೆ ಇಷ್ಟು ಹೊತ್ತು ಗುರುತು ಸಿಗಲಿಲ್ಲವಲ್ಲ ಅನ್ನುವ ಸಣ್ಣ ಸಂಕೋಚ. 'ಅಯ್ಯೋ, ಅದಕ್ಕೇನಂತೆ': ಎದುರಿನವರ ಕ್ಷಮೆಯನ್ನು ತಳ್ಳಿಹಾಕುವುದು. 'ಅಯ್ಯೋ ಬಿಡ್ರಿ, ಅವನ ಕತೆ': ತಾತ್ಸಾರ. 'ಅಯ್ಯೋ, ಎಷ್ಟು ಮುದ್ದಾಗಿದೆ': ಇದರಲ್ಲಿ ದುಃಖದ ಸುಳಿವೇ ಇಲ್ಲ.

ನಿಘಂಟಿನಲ್ಲಿ ಇದಕ್ಕೆ 'ದುಃಖ, ಮರುಕ, ಆಶ್ಚರ್ಯ' ಅಂತ ಮೂರು ಪದ ಹಾಕಿ ಬಿಟ್ಟಿರುತ್ತಾರೆ. ತಪ್ಪಲ್ಲ. ಆದರೆ ಕೊನೆಯ ಎರಡು ಸಾಲಿನ 'ಅಯ್ಯೋ' ಆ ಮೂರರೊಳಗೆ ಕೂರುವುದಿಲ್ಲ. ನನ್ನ ಅನುಭವದಲ್ಲಿ ಈ ಎಲ್ಲದರಲ್ಲೂ ಇರುವುದು ಒಂದೇ: 'ಇದನ್ನು ನಾನು ಅಂದುಕೊಂಡಿರಲಿಲ್ಲ, ಇದು ನನ್ನನ್ನು ಮುಟ್ಟಿತು.' ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅನ್ನುವುದನ್ನು ರಾಗ ಹೇಳುತ್ತದೆ, ಮುಂದಿನ ಪದ ಹೇಳುತ್ತದೆ. ಬರಹದಲ್ಲಿ ರಾಗ ಇಲ್ಲ. ಹಾಗಾಗಿ ಪೂರ್ತಿ ಭಾರ ಮುಂದಿನ ಪದದ ಮೇಲೆ ಬೀಳುತ್ತದೆ.

ಅಂದ ಹಾಗೆ, 2016ರಲ್ಲಿ ಈ 'ಅಯ್ಯೋ' ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು.

ಎರಡು ಸಲ ಹೇಳಿದರೆ ಅರ್ಥ ಎರಡು ಪಟ್ಟಾಗುತ್ತದೆಯೇ?

ಕೆಲವು ಸಲ. 'ಅಬ್ಬಾ'ಗಿಂತ 'ಅಬ್ಬಬ್ಬಾ' ದೊಡ್ಡದು, 'ಅಯ್ಯೋ'ಗಿಂತ 'ಅಯ್ಯಯ್ಯೋ' ಜೋರು. ಆದರೆ ಎಲ್ಲವೂ ಹೀಗಲ್ಲ. 'ಛೇ' ಅಂದರೆ ಬೇಸರ. 'ಛೇಛೇ' ಅಂದರೆ 'ಹಾಗೇನಿಲ್ಲ'. 'ನಿಮಗೆ ತೊಂದರೆ ಕೊಟ್ಟೆನಾ?' 'ಛೇಛೇ, ಇಲ್ಲಪ್ಪ.' ಇಲ್ಲಿ ಒಂದೇ 'ಛೇ' ಹಾಕಿ ನೋಡಿ, 'ಛೇ, ಇಲ್ಲಪ್ಪ'. ಮಾತು ಕುಂಟುತ್ತದೆ. 'ಹಾಂ' ಅಂದರೆ ಒಪ್ಪಿಗೆ. 'ಹಾಂ ಹಾಂ ಹಾಂ' ಅಂತ ಬೇಗ ಬೇಗ ಅಂದರೆ 'ನಿಲ್ಲು, ಮುಟ್ಟಬೇಡ'. ಮಗು ಬಿಸಿ ಪಾತ್ರೆಯ ಹತ್ತಿರ ಹೋದಾಗ ಬರುವುದು ಇದೇ. 'ಆಹಾ' ಮೆಚ್ಚುಗೆ. 'ಆಹಾಹಾ' ಅಂದಾಗ ಸ್ವಲ್ಪ ಹುಷಾರಾಗಿರಿ, ಹತ್ತರಲ್ಲಿ ಐದು ಸಲ ಅದು ಕುಟುಕು.

'ಹೂಂ' ಅನ್ನುವುದು ಬರೀ ತುಂಬುಪದ ಅಲ್ವಾ? ಬರಹಕ್ಕೆ ಇಳಿಸುವಾಗ ತೆಗೆದುಬಿಡಬಹುದಲ್ಲ?

ಈ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದ. ಒಮ್ಮೆ ಇದನ್ನೇ ಮಾಡಿ ಪೆಟ್ಟು ತಿಂದಿದ್ದೇನೆ.

ವಯಸ್ಸಾದ ಒಬ್ಬರು ತಮ್ಮ ಬದುಕಿನ ಕತೆ ಹೇಳಿಕೊಂಡ ರೆಕಾರ್ಡಿಂಗ್ ಅದು. ಕೇಳುತ್ತಿದ್ದವಳು ಅವರ ಮೊಮ್ಮಗಳು. ಕೆಲಸ ಕೊಟ್ಟವರು 'ಹೂಂ, ಹಾಂ ಎಲ್ಲ ತೆಗೆದು ಶುದ್ಧ ಮಾಡಿಕೊಡಿ' ಅಂದಿದ್ದರು. ತೆಗೆದೆ. ಓದಿ ನೋಡಿದರೆ ಅಜ್ಜ ಸಭೆಯಲ್ಲಿ ಭಾಷಣ ಮಾಡಿದ ಹಾಗಿತ್ತು. ಒಂದು ಕಡೆಯಂತೂ ಕೆಟ್ಟೇಹೋಗಿತ್ತು. 'ಆಮೇಲೆ ಅವಳು ಬರಲೇ ಇಲ್ಲ. ಆ ವರ್ಷ ಬಾವಿ ತುಂಬಿತ್ತು.' ಒಂದರ ಹಿಂದೆ ಒಂದು, ಎರಡಕ್ಕೂ ಸಂಬಂಧವೇ ಇಲ್ಲ. ರೆಕಾರ್ಡಿಂಗ್ ಮತ್ತೆ ಕೇಳಿದೆ. 'ಬರಲೇ ಇಲ್ಲ' ಅಂದ ಮೇಲೆ ಅಜ್ಜ ನಿಲ್ಲುತ್ತಾರೆ. ಮೊಮ್ಮಗಳು ತುಂಬ ಮೆಲ್ಲಗೆ 'ಹೂಂ' ಅನ್ನುತ್ತಾಳೆ. ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ಅಜ್ಜ ಬಾವಿಯ ಮಾತು ತೆಗೆಯುತ್ತಾರೆ. ಆ 'ಹೂಂ' ಇದ್ದರೆ ಬಾವಿಯ ಮಾತು ಯಾಕೆ ಬಂತು ಅಂತ ಯಾರಿಗಾದರೂ ತಿಳಿಯುತ್ತದೆ. ಅದೊಂದನ್ನು ವಾಪಸ್ ಹಾಕಿದೆ. ಕೆಲಸ ಕೊಟ್ಟವರೂ ಒಪ್ಪಿದರು.

ಕನ್ನಡಕ್ಕೆ ಇದು ಮೊದಲಿನಿಂದ ಗೊತ್ತು. ಹಾಗಾಗಿಯೇ 'ಹೂಂಗುಟ್ಟು' ಅಂತ ಒಂದು ಕ್ರಿಯಾಪದವೇ ಇದೆ. ಕತೆ ಹೇಳುವವರು 'ಹೂಂಗುಟ್ಟದಿದ್ದರೆ ಹೇಳಲ್ಲ' ಅನ್ನುವುದು ಸುಮ್ನೆ ಗದರಿಕೆ ಅಲ್ಲ. ಕೆನಡಾದ ಜಾನೆಟ್ ಬವೆಲಸ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಕತೆ ಕೇಳುವವರಿಗೆ ಗುಟ್ಟಾಗಿ ಬೇರೆ ಕೆಲಸ ಕೊಟ್ಟರು: ಹೇಳುವವರ ಬಾಯಲ್ಲಿ 'ಟಿ' ಅಕ್ಷರದಿಂದ ಶುರುವಾಗುವ ಪದ ಎಷ್ಟು ಬಂತು, ಎಣಿಸಿ ಅಂತ. ಎಣಿಸುತ್ತ ಕೂತವರು ಸರಿಯಾದ ಹೊತ್ತಿಗೆ ಬೆಚ್ಚಲಿಲ್ಲ, ಮರುಗಲಿಲ್ಲ. ಹೇಳುತ್ತಿದ್ದವರ ಕತೆಯೇ ಕೆಟ್ಟಿತು. ಮುಕ್ತಾಯ ಎಡವಿತು, ಹೇಳಿದ್ದನ್ನೇ ಹೇಳಿದರು.

ಹಾಗಾದರೆ ಎಲ್ಲ 'ಹೂಂ'ಗಳನ್ನೂ ಉಳಿಸಬೇಕಾ? ಬೇಡ. ಒಂದು ಗಂಟೆಯ ಮಾತಿನಲ್ಲಿ ನೂರಾರು ಬರುತ್ತವೆ, ಓದುವವರಿಗೆ ತಲೆನೋವು. ಯಾವುದನ್ನು ತೆಗೆದರೆ ಮುಂದಿನ ಮಾತು ಅನಾಥವಾಗುತ್ತದೋ ಅದನ್ನು ಉಳಿಸಿ.

ಸರಿಯಾಗಿ ಕೇಳಿಸದಿದ್ದಾಗ 'ಹಾಂ?' ಅನ್ನುತ್ತೇವಲ್ಲ, ಅದೂ ಪದವೇ?

ಪದವೇ. ಅದೂ ಲೋಕಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಆದ ಪದ. ನೆದರ್‌ಲ್ಯಾಂಡ್ಸ್‌ನ ಮಾರ್ಕ್ ಡಿಂಗೆಮಾನ್ಸೆ ಮತ್ತು ಇಬ್ಬರು ಜೊತೆಗಾರರು 31 ಭಾಷೆಗಳನ್ನು ನೋಡಿ, ಅದರಲ್ಲಿ 10ನ್ನು ಹತ್ತಿರದಿಂದ ಅಳೆದು 2013ರಲ್ಲಿ ಬರೆದರು. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಭಾಷೆಗಳಲ್ಲೂ ಈ ಪದ ಚಿಕ್ಕದು, ಸ್ವರ 'ಅ'ಗೆ 'ಎ'ಗೆ ಹತ್ತಿರದ್ದು, ಸಾಮಾನ್ಯವಾಗಿ ಪ್ರಶ್ನೆಯ ರಾಗದ್ದು. ಅವರು ಕೊಟ್ಟ ಕಾರಣ ಚೆನ್ನಾಗಿದೆ. ಮಾತಿನ ಸರದಿ ಬಹಳ ಬೇಗ ಬದಲಾಗುತ್ತದೆ. ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗ. ಕೇಳಿಸಲಿಲ್ಲ ಅಂತ ಆ ಸಂದಿಯಲ್ಲೇ ಹೇಳಬೇಕು. ನಾಲಿಗೆ ಹೆಚ್ಚು ಹೊರಳಿಸದೆ ತಕ್ಷಣ ಬರುವ ಸದ್ದೇ ಬೇಕು. ಹಾಗಾಗಿ ಎಲ್ಲ ಭಾಷೆಗಳೂ ಒಂದೇ ಜಾಗಕ್ಕೆ ಬಂದು ಸೇರಿವೆ. ಈ ಕೆಲಸಕ್ಕೆ 2015ರಲ್ಲಿ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ.

ನಾವು ಇದನ್ನು ಎಷ್ಟು ಬಳಸುತ್ತೇವೆ ಅಂತ ನಮಗೇ ಗೊತ್ತಿಲ್ಲ. ಅದೇ ಗುಂಪು 12 ಭಾಷೆಗಳ ದಿನನಿತ್ಯದ ಮಾತು ಎಣಿಸಿತು. 'ಹಾಂ?', 'ಏನು?', 'ಯಾರು?' ಥರದ ಮರುಪ್ರಶ್ನೆ ಸರಾಸರಿ 1.4 ನಿಮಿಷಕ್ಕೊಮ್ಮೆ ಬರುತ್ತದಂತೆ.

ಮಾತಿನ ನಡುವೆ 'ಅಂ…' ಅಂತ ಎಳೆಯುವುದು ಕೆಟ್ಟ ಅಭ್ಯಾಸವೇ?

ವೇದಿಕೆಯ ಮೇಲೆ ಜಾಸ್ತಿಯಾದರೆ ಕೇಳುವವರಿಗೆ ಕಿರಿಕಿರಿ, ನಿಜ. ಆದರೆ ಅದಕ್ಕೂ ಕೆಲಸ ಇದೆ: 'ನನ್ನ ಸರದಿ ಮುಗಿದಿಲ್ಲ, ನಡುವೆ ಬರಬೇಡಿ.' ಇಂಗ್ಲಿಷಿನಲ್ಲಿ 'ಅ', 'ಅಮ್' ಅಂತ ಎರಡು ಬಗೆ ಇದೆ. ಮೊದಲನೆಯದು ಆದಮೇಲೆ ಚಿಕ್ಕ ತಡೆ, ಎರಡನೆಯದು ಆದಮೇಲೆ ದೊಡ್ಡ ತಡೆ ಬರುತ್ತದೆ ಅಂತ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ತೋರಿಸಿದರು. ಕನ್ನಡದಲ್ಲಿ ಇದೇ ಕೆಲಸಕ್ಕೆ 'ಅದೂ…', 'ಏನಪ್ಪಾ ಅಂದ್ರೆ…', 'ಅದೇ, ಇವರು…' ಎಲ್ಲ ಇವೆ. ಕತೆಯಲ್ಲಿ ಪಾತ್ರ ಸುಳ್ಳು ಹೇಳುವ ಮುಂಚೆ ಒಂದು 'ಅದೂ…' ಇಡಿ, ಬೇರೆ ವಿವರಣೆ ಬೇಕಾಗಿಲ್ಲ.

ನಾಲಿಗೆಯಿಂದ ಮಾಡುವ 'ಟ್ಚ್ ಟ್ಚ್' ಸದ್ದನ್ನು ಬರೆಯುವುದು ಹೇಗೆ?

ಸರಿಯಾಗಿ ಬರೆಯಲಾಗದು. ಆ ಸದ್ದಿಗೆ ಕನ್ನಡದಲ್ಲಿ ಅಕ್ಷರ ಇಲ್ಲ, ಯಾಕೆಂದರೆ ಅದು ನಮ್ಮ ವ್ಯಂಜನವೇ ಅಲ್ಲ. ದಕ್ಷಿಣ ಆಫ್ರಿಕಾದ ಜುಲು, ಖೋಸಾ ಭಾಷೆಗಳಲ್ಲಿ ಇಂಥ ಸದ್ದು 'ಕ', 'ತ' ಇದ್ದ ಹಾಗೆ ಮಾಮೂಲಿ ವ್ಯಂಜನ. ನಮ್ಮಲ್ಲಿ ಉದ್ಗಾರವಾಗಿ ಮಾತ್ರ ಉಳಿದಿದೆ. 'ಲೊಚಗುಟ್ಟಿದಳು' ಅಂತ ಬರೆದು ಮುಂದೆ ಹೋಗಿ. ಪದ ಸಿದ್ಧವಾಗಿಯೇ ಇದೆ.

'ಹೂಂ', 'ಹುಂ', 'ಹ್ಞೂಂ', 'ಹ್ಮ್': ಯಾವುದು ಸರಿ? 'ಛೇ'ಯೋ 'ಚೇ'ಯೋ?

ಒಂದೇ ಸರಿ ಅನ್ನುವುದಿಲ್ಲ. ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಬರುವ ಸದ್ದಿಗೆ ಅಕ್ಷರ ಹೊಂದಿಸುವುದೇ ಕಷ್ಟ. ನಾನು ಇಟ್ಟುಕೊಂಡ ಕ್ರಮ ಇದು: ಒಪ್ಪಿಗೆಗೆ 'ಹೂಂ', ಒಲ್ಲೆ ಅನ್ನುವುದಕ್ಕೆ 'ಊಹೂಂ', ಯೋಚನೆಗೆ 'ಹ್ಮ್', ಕರೆದಾಗ 'ಹಾಂ'. 'ಹ್ಞೂಂ' ಬರೆಯುವವರಿಗೆ ನನ್ನ ತಕರಾರಿಲ್ಲ, ಮೂಗಿನ ಸದ್ದು ಅದರಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಒಂದೇ ಕತೆಯಲ್ಲಿ ಒಂದೇ ಪಾತ್ರ ಮೂರು ಬಗೆಯಲ್ಲಿ ಹೂಂಗುಟ್ಟಬಾರದು.

'ಛೇ', 'ಛೀ', 'ಥೂ' ಇವುಗಳಿಗೆ ಮಹಾಪ್ರಾಣವೇ ಇರಲಿ. ನಮ್ಮಲ್ಲಿ ಬಹಳ ಜನ ದಿನದ ಮಾತಿನಲ್ಲಿ ಮಹಾಪ್ರಾಣವನ್ನು ಒತ್ತಿ ಹೇಳುವುದಿಲ್ಲ. ಆದರೆ ಅವರೇ 'ಥೂ' ಅನ್ನುವಾಗ ಕಿವಿಗೊಡಿ, ಉಸಿರು ಪೂರ್ತಿ ಹೊರಗೆ ಬರುತ್ತದೆ.

'ಅಯ್ಯೋಓಓಓ' ಅಂತ ಎಳೆದು ಬರೆಯುವುದು ತಪ್ಪಾ?

ಹಳೆಯ ವೈಯಾಕರಣರಿಗೂ ಈ ತೊಂದರೆ ಇತ್ತು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಅದಕ್ಕೂ ಮೀರಿ ಎಳೆದರೆ? ಅದಕ್ಕೆ ಪ್ಲುತ ಅಂದರು, ಮೂರು ಮಾತ್ರೆ. ದೂರದವರನ್ನು ಕರೆಯುವಾಗ, ಅಳುವಾಗ, ಹಾಡುವಾಗ ಬರುತ್ತದೆ ಅಂದರು. ಗುರುತಿಗೆ ಅಕ್ಷರದ ಪಕ್ಕ ೩ ಅಂತ ಅಂಕೆ ಹಾಕುತ್ತಿದ್ದರು. ಈಗಿನ ಹುಡುಗರು ಐದು 'ಓ' ಒತ್ತುತ್ತಾರೆ. ತೊಂದರೆ ಅದೇ, ದಾರಿ ಬೇರೆ. ಮೆಸೇಜಿನಲ್ಲಿ ಧಾರಾಳವಾಗಿ ಎಳೆಯಿರಿ. ಅಚ್ಚಾಗುವ ಬರಹದಲ್ಲಿ ಒಂದೆರಡಕ್ಕೆ ನಿಲ್ಲಿಸಿ.

ವ್ಯಾಕರಣದ ಇನ್ನೊಂದು ಸೂಕ್ಷ್ಮ ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಸ್ವರದ ಮುಂದೆ ಸ್ವರ ಬಂದರೆ ಸಾಮಾನ್ಯವಾಗಿ ಸಂಧಿಯಾಗುತ್ತದೆ. ಆದರೆ ಪ್ಲುತದ ಮುಂದೆ, ಇಂಥ ಉದ್ಗಾರಗಳ ಮುಂದೆ ಆಗುವುದಿಲ್ಲ. 'ಓಹೋ ಅವನು ಬಂದನೇ' ಅನ್ನುವುದನ್ನು ಕೂಡಿಸಲಾಗದು. ಇದಕ್ಕೆ ಪ್ರಕೃತಿಭಾವ ಅನ್ನುತ್ತಾರೆ. ಉದ್ಗಾರ ಪಕ್ಕದ ಪದದ ಜೊತೆ ಬೆರೆಯದೆ ಬೇರೆಯೇ ನಿಲ್ಲುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಉದ್ಗಾರದ ಮುಂದೆ '!' ಹಾಕಲೇಬೇಕಾ?

ಶಾಲೆಯಲ್ಲಿ ಹಾಗೆ ಕಲಿಸುತ್ತಾರೆ, ಪರೀಕ್ಷೆಯಲ್ಲಿ ಹಾಕಿ. ಬೇರೆ ಕಡೆ ಕಿವಿ ಹೇಳಿದ ಹಾಗೆ ಮಾಡಿ.

'ಅಯ್ಯೋ! ಮಗು ಬಿತ್ತು.'
'ಅಯ್ಯೋ, ಮಗು ಬಿತ್ತು.'
'ಅಯ್ಯೋ… ಮಗು ಬಿತ್ತು.'

ಮೊದಲನೆಯದರಲ್ಲಿ ಹೇಳುವವರು ಓಡುತ್ತಿದ್ದಾರೆ. ಎರಡನೆಯದರಲ್ಲಿ ಕಿಟಕಿಯಿಂದ ನೋಡುತ್ತಿದ್ದಾರೆ. ಮೂರನೆಯದು ಆಮೇಲೆ ನೆನೆಸಿಕೊಂಡು ಹೇಳಿದ್ದು. ಪದಗಳೆಲ್ಲ ಅವೇ.

ಈ ಗುರುತು ಹುಟ್ಟಿದ್ದು 14ನೇ ಶತಮಾನದ ಇಟಲಿಯಲ್ಲಿ. ನಮ್ಮ ತಾಳೆಗರಿಗಳಲ್ಲಿ ಇದಿರಲಿಲ್ಲ, ಅಚ್ಚಿನ ಜೊತೆ ಬಂತು. ಅಂದರೆ ಅದಕ್ಕಿಂತ ಮುಂಚಿನ ಶತಮಾನಗಳಲ್ಲಿ ನಮ್ಮ ಕವಿಗಳು ಬೆರಗು, ಗೋಳು ಎಲ್ಲವನ್ನೂ ಈ ಕಡ್ಡಿಯ ಸಹಾಯವಿಲ್ಲದೆ ಓದುಗರಿಗೆ ಮುಟ್ಟಿಸಿದ್ದರು. ಒಂದು ಪುಟದಲ್ಲಿ ಏಳು '!' ಇರುವ ಕರಡು ಬಂದಾಗ ನಾನು ಲೇಖಕರಿಗೆ ಇದನ್ನು ನೆನಪಿಸುತ್ತೇನೆ. ಅವರು 'ಹೂಂ' ಅನ್ನುತ್ತಾರೆ. ಯಾವ ಬಗೆಯ 'ಹೂಂ' ಅಂತ ನಿಮಗೀಗ ಗೊತ್ತಾಗಿರಬೇಕು.

ಎರಡು, ಮೂರು ಗುರುತು ಒಟ್ಟಿಗೆ ಹಾಕುವುದು? ನನಗೆ ಇಷ್ಟವಿಲ್ಲ.

ಮೆಸೇಜಿಗೆ ಬರೀ 'ಹೂಂ' ಅಂತ ಉತ್ತರ ಬಂದರೆ ಸಿಟ್ಟು ಬಂದಿದೆ ಅಂತಲೇ?

ಇರಬಹುದು, ಇಲ್ಲದಿರಬಹುದು. ಎದುರು ಕೂತಾಗ 'ಹೂಂ'ಗೆ ರಾಗ ಇದೆ, ತಲೆಯಾಡಿಸುವುದು ಇದೆ, ಮುಖ ಇದೆ. ಪರದೆಯ ಮೇಲೆ ಒಂದೇ ಅಕ್ಷರ, ಒಂದು ಸೊನ್ನೆ. ಓದುವವರು ತಮ್ಮ ಮನಸ್ಸಿನ ರಾಗವನ್ನೇ ಅದಕ್ಕೆ ಕೂಡಿಸಿ ಓದುತ್ತಾರೆ.

ನಾನೊಮ್ಮೆ ಇದರಲ್ಲಿ ಸಿಕ್ಕಿಬಿದ್ದೆ. ಗೆಳತಿಯೊಬ್ಬಳು 'ನನ್ನ ಕತೆ ಆಯ್ಕೆಯಾಗಿದೆ' ಅಂತ ಕಳಿಸಿದಳು. ನಾನು ಕೆಲಸದ ನಡುವೆ 'ಓಹೋ' ಅಂತ ಒತ್ತಿ ಕಳಿಸಿದೆ. ನನ್ನ ತಲೆಯಲ್ಲಿ ಅದು ಕಣ್ಣರಳಿಸಿದ 'ಓಹೋ'. ಅವಳಿಗೆ ಕೇಳಿಸಿದ್ದು 'ಓಹೋ, ನಿನ್ನದೂ ಆಯ್ಕೆಯಾಯಿತಾ' ಅನ್ನುವ 'ಓಹೋ'. ಎರಡು ದಿನ ಮಾತಿಲ್ಲ. ಫೋನ್ ಮಾಡಿ ಅದೇ ಪದವನ್ನು ಸರಿಯಾದ ರಾಗದಲ್ಲಿ ಹೇಳಿದ ಮೇಲೆ ನಕ್ಕಳು. ಅಂದಿನಿಂದ 'ಓಹೋ' ಜೊತೆ ಕನಿಷ್ಠ ಮೂರು ಪದ ಸೇರಿಸುತ್ತೇನೆ.

ಎಮೋಜಿ ಬಂದಿದ್ದು ಈ ಕೊರತೆ ತುಂಬಲು ಅನ್ನಬಹುದು. 2010ರಲ್ಲಿ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಪಟ್ಟಿ, ಅವಕ್ಕೆ ಜಾಗ ಕೊಟ್ಟಿತು. ಈಗ 'ಹೂಂ' ಪಕ್ಕ ಒಂದು ನಗುಮುಖ ಹಾಕಿದರೆ ಜಗಳ ತಪ್ಪುತ್ತದೆ. ನಗುಮುಖ ಒಂದನ್ನೇ ಕಳಿಸಿದರೆ? ಅದೂ ಉದ್ಗಾರವೇ. ಒಂಟಿಯಾಗಿ ನಿಲ್ಲುತ್ತದೆ, ರೂಪ ಬದಲಿಸುವುದಿಲ್ಲ, ತಪ್ಪಾಗಿ ತಿಳಿಯಲ್ಪಡುವುದರಲ್ಲೂ ಹಿಂದೆ ಬಿದ್ದಿಲ್ಲ.

ಹಿರಿಯರ ಎದುರು ಯಾವುದನ್ನು ಬಳಸಬಾರದು?

'ಏ', 'ಛೀ', 'ಥೂ' ಬೇಡ ಅಂತ ಹೇಳಬೇಕಿಲ್ಲ. ಎಡವುವುದು ಚಿಕ್ಕದರಲ್ಲಿ. ಕೇಳಿಸದಿದ್ದಾಗ ಗೆಳೆಯನಿಗೆ 'ಹಾಂ?' ಸಾಕು, ಹಿರಿಯರಿಗೆ 'ಏನಂದ್ರಿ?' ವಾಸಿ. ಅವರ ಮಾತಿಗೆ ಬರೀ 'ಹೂಂ' ಅನ್ನುವ ಬದಲು 'ಹೂಂ ರೀ', 'ಆಗಲಿ' ಅನ್ನಿ. ಕರೆದಾಗ ದೂರದಿಂದ 'ಓ' ಅನ್ನುವುದು ಮಾತ್ರ ಯಾರಿಗಾದರೂ ಸಲ್ಲುತ್ತದೆ. ಆ ಒಂದು 'ಓ'ದಿಂದಲೇ 'ಓಗೊಡು' ಅನ್ನುವ ಚಂದದ ಕ್ರಿಯಾಪದ ಹುಟ್ಟಿದೆ.

ಇವೆಲ್ಲ ಎಲ್ಲಿಂದ ಬಂದವು?

ಕೆಲವು ಬರೀ ಸದ್ದು: ಆ, ಓ, ಹಾ, ಶ್. ಕೆಲವು ಒಂದು ಕಾಲಕ್ಕೆ ಅರ್ಥವಿದ್ದ ಪದಗಳು. ಅಮ್ಮಾ, ಅಪ್ಪಾ, ದೇವರೇ, ಶಿವನೇ, ಇವೆಲ್ಲ ಕರೆ. ಕರೆದವರು ಬರಲಿ ಅಂತ ಈಗ ಯಾರೂ ಕರೆಯುವುದಿಲ್ಲ. ಚೇಳು ಕಡಿದಾಗ 'ಅಮ್ಮಾ' ಅಂದರೆ ಅಮ್ಮ ಬೇಕು ಅಂತಲ್ಲ. 'ಅಯ್ಯೋ' ಒಳಗೂ 'ಅಯ್ಯ' ಕೂತಿದ್ದಾನೆ. ಕೆಲವು ಎರವಲು: 'ಶಾಭಾಸ್' ಪಾರಸಿಯದು, ಮೂಲದಲ್ಲಿ 'ಖುಷಿಯಾಗಿರು' ಅಂತ ಹರಕೆ. 'ಹಲೋ' ಫೋನಿಗೆ ಅಂಟಿಕೊಂಡಿದ್ದು 1877ರ ಸುಮಾರಿಗೆ. ಎಡಿಸನ್ ಅದನ್ನು ಸೂಚಿಸಿದ, ಬೆಲ್‌ಗೆ 'ಅಹಾಯ್' ಇಷ್ಟವಿತ್ತು.

ಸತ್ತವೂ ಇವೆ. ಹಳೆಯ ಕಾವ್ಯಗಳಲ್ಲಿ ಗೋಳಿಗೆ 'ಅಕಟಾ', ಮೆಚ್ಚಿಗೆಗೆ 'ಭಾಪುರೆ', 'ಮಝ', ಕರೆಯಲು 'ಎಲವೋ' ಬರುತ್ತವೆ. ಇವತ್ತು ಯಾರಾದರೂ 'ಅಕಟಾ' ಅಂದರೆ ಅದು ತಮಾಷೆಗೇ. ನಾಳೆ 'ವಾವ್'ಗೂ ಇದೇ ಗತಿ ಬರಬಹುದು, ಬಂದರೆ ನನಗೆ ಬೇಜಾರಿಲ್ಲ.

ಮನುಷ್ಯರ ಮಾತು ಹುಟ್ಟಿದ್ದೇ ಉದ್ಗಾರಗಳಿಂದ ಅನ್ನುತ್ತಾರಲ್ಲ?

ಅಂದವರಿದ್ದರು. 1861ರಲ್ಲಿ ಭಾಷಾ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಆ ವಾದಕ್ಕೆ 'ಪೂಹ್ ಪೂಹ್' ಸಿದ್ಧಾಂತ ಅಂತ ಅಡ್ಡಹೆಸರಿಟ್ಟು ನಕ್ಕರು. ಹೆಸರು ಉಳಿಯಿತು, ವಾದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

'ದಬ್', 'ಚಟಚಟ' ಇವೂ ಭಾವಸೂಚಕವೇ? ಪರೀಕ್ಷೆಯಲ್ಲಿ ಗೊಂದಲವಾಗುತ್ತದೆ.

ಅಲ್ಲ, ಅವು ಅನುಕರಣಾವ್ಯಯ. 'ದಬ್ ಎಂದು ಬಿತ್ತು' ಅಂದಾಗ ಸದ್ದು ಬಿದ್ದ ವಸ್ತುವಿನದು. 'ಅಯ್ಯೋ ಎಂದಳು' ಅಂದಾಗ ಮಾತು ನೋಡಿದವಳದು. ಸದ್ದು ಯಾರದ್ದು ಅಂತ ಕೇಳಿಕೊಳ್ಳಿ, ಉತ್ತರ ಸಿಗುತ್ತದೆ.

ಅರ್ಜಿ, ವರದಿಯಲ್ಲಿ ಬಳಸಬಹುದಾ?

ಬೇಡ. ಬೇರೆಯವರ ಮಾತನ್ನು ಅವರದೇ ಬಾಯಲ್ಲಿ ಕೊಡುವಾಗ ಮಾತ್ರ ಸರಿ.

ನೋವಾದಾಗ ಕೂಗಿದರೆ ನೋವು ಕಡಿಮೆಯಾಗುತ್ತಾ?

ತಡೆದುಕೊಳ್ಳುವ ಶಕ್ತಿ ಸ್ವಲ್ಪ ಹೆಚ್ಚುತ್ತದಂತೆ. ಸಿಂಗಪುರದ ಒಂದು ಅಧ್ಯಯನದಲ್ಲಿ ತಣ್ಣನೆ ನೀರಿನಲ್ಲಿ ಕೈ ಇಟ್ಟವರಲ್ಲಿ 'ಆವ್' ಅನ್ನುತ್ತಿದ್ದವರು ಸುಮ್ಮನಿದ್ದವರಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡರು. ಇದು ಪ್ರಕಟವಾಗಿದ್ದು 2015ರಲ್ಲಿ. ಬೇರೆಯವರು ಕೂಗಿದ್ದನ್ನು ಕೇಳಿದರೆ ಆ ಲಾಭ ಸಿಗಲಿಲ್ಲ. ಕೂಗು ತನ್ನದೇ ಆಗಬೇಕು.

ಇಂಗ್ಲಿಷಿನಿಂದ ಅನುವಾದಿಸುವಾಗ 'ಓ' ಬಂದಲ್ಲೆಲ್ಲ 'ಓ' ಹಾಕಬಹುದಾ?

ಹಾಕಿದರೆ ಅನುವಾದ ಅಂತ ಅಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನ 'ಓ' ಹೊಸ ಸುದ್ದಿ ಕೇಳಿದಾಗ ಬಂದರೆ ಕನ್ನಡದಲ್ಲಿ 'ಹೌದಾ'. ಈಗ ಅರ್ಥವಾಯಿತು ಅನ್ನುವಾಗ 'ಓಹೋ', ಇಲ್ಲಾ 'ಹಾಂ, ಹಾಗಾ'. ಕೆಟ್ಟ ಸುದ್ದಿಗೆ 'ಅಯ್ಯೋ', 'ಛೇ'. ಏನೋ ನೆನಪಾದಾಗ 'ಅರೆ', 'ಅಂದ ಹಾಗೆ'. ಎಷ್ಟೋ ಕಡೆ ಏನೂ ಹಾಕದಿರುವುದೇ ಸರಿ. 'ಊಪ್ಸ್'ಗೆ ನಾನು ಇನ್ನೂ ಹುಡುಕುತ್ತಿದ್ದೇನೆ. 'ಅಯ್ಯೋ' ಅದಕ್ಕೆ ಜೋರಾಯಿತು, 'ಛೆ' ಬೇಸರವಾಯಿತು. ಪಾತ್ರ ನಾಲಿಗೆ ಕಚ್ಚಿಕೊಂಡಿತು ಅಂತ ಬರೆದು ಪಾರಾಗುತ್ತೇನೆ.

ಕತೆಯಲ್ಲಿ ಪಾತ್ರದ ಬಾಯಿಗೆ ಉದ್ಗಾರ ಕೊಡುವಾಗ ಏನು ನೋಡಬೇಕು?

ಹಿಂದಿನ ಸಾಲನ್ನು, ಮುಂದಿನ ಸಾಲನ್ನು. ಇತ್ತೀಚೆಗೆ ತಿದ್ದಿದ ಒಂದು ಕರಡಿನಲ್ಲಿ ಹೀಗಿತ್ತು:

'"ಅಯ್ಯೋ! ಇದೇನಾಯಿತು! ನನಗೆ ತುಂಬಾ ದುಃಖವಾಗುತ್ತಿದೆ!" ಎಂದು ಅವನು ಆಘಾತದಿಂದ ಕೂಗಿದ.'

ಉದ್ಗಾರ ಹೇಳಿದ್ದನ್ನೇ ವಾಕ್ಯ ಹೇಳಿತು. ವಾಕ್ಯ ಹೇಳಿದ್ದನ್ನೇ ಲೇಖಕ ಹೇಳಿದ. ಮೂರು ಸಲ ಹೇಳಿದರೂ ನನಗೆ ದುಃಖವಾಗಲಿಲ್ಲ. ಲೇಖಕನ ಜೊತೆ ಕೂತು ಅಳಿಸುತ್ತ ಹೋದೆವು. ಮೊದಲು 'ಆಘಾತದಿಂದ' ಹೋಯಿತು. ಆಮೇಲೆ 'ದುಃಖವಾಗುತ್ತಿದೆ'. ಆಮೇಲೆ 'ಕೂಗಿದ'. ಕೊನೆಗೆ ಉಳಿದದ್ದು ಇಷ್ಟು:

'ಅವನು ಕಾಗದವನ್ನು ಎರಡು ಸಲ ಓದಿದ. "ಛೇ" ಅಂದ. ಮಡಿಚಿ ಮತ್ತೆ ಲಕೋಟೆಯೊಳಗೇ ಇಟ್ಟ.'

'"ಅಯ್ಯೋ" ಯಾಕೆ ಬೇಡ?' ಅಂತ ಕೇಳಿದ. 'ಅಯ್ಯೋ ಅಂದರೆ ಪಕ್ಕದಲ್ಲಿ ಯಾರೋ ಇರಬೇಕು. ನಿನ್ನ ಪಾತ್ರ ಒಬ್ಬನೇ ಇದ್ದಾನೆ' ಅಂದೆ. ಅವನು ಸ್ವಲ್ಪ ಹೊತ್ತು ಕರಡನ್ನೇ ನೋಡಿ 'ಹಾಗಾದರೆ "ಛೇ" ಕೂಡ ಬೇಡ' ಅಂತ ಅದನ್ನೂ ಹೊಡೆದುಹಾಕಿದ. ನನಗೆ ಆ 'ಛೇ' ಇಷ್ಟವಿತ್ತು. ಆದರೂ ಕತೆ ಅವನದು.